ತುಳಿಯಲಾರದ ಪೆಡಲ್

ಗಿಟಾರಿನ ಪೆಡಲ್ ತಯಾರಿಸುವವರಲ್ಲಿ ಸೀರೆ ಉಟ್ಟವರು ಒಬ್ಬರೂ ಇಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಇದ್ದಿದ್ದರೆ ಅದರ ಗುಂಡಿಯನ್ನು ಮೊಳೆಯ ತಲೆಯ ಹಾಗೆ ಅಷ್ಟು ಚಿಕ್ಕದಾಗಿ, ಅಷ್ಟು ಗಟ್ಟಿಯಾಗಿ ಮಾಡುತ್ತಿರಲಿಲ್ಲ. ಅವರ ಎಣಿಕೆಯಲ್ಲಿ ಗಿಟಾರ್ ನುಡಿಸುವವನು ಗಂಡಸು, ಬೂಟು ಹಾಕಿದವನು, ತಲೆ ಬಗ್ಗಿಸಿದರೆ ತನ್ನ ಪಾದ ತನಗೆ ಕಾಣುವವನು. ನಾನು ಇದರಲ್ಲಿ ಯಾವುದೂ ಅಲ್ಲ.

ತಿಳಿಯದವರಿಗೆ ಹೇಳಿಬಿಡುತ್ತೇನೆ. ಪೆಡಲ್ ಎಂದರೆ ಗಿಟಾರಿಗೂ ಸ್ಪೀಕರಿಗೂ ನಡುವೆ, ನೆಲದ ಮೇಲೆ ಕೂರುವ ಒಂದು ಪುಟ್ಟ ಲೋಹದ ಡಬ್ಬಿ. ತಂತಿಯ ಸದ್ದು ಅದರೊಳಗೆ ಹೊಕ್ಕು ಬೇರೆಯೇ ಆಗಿ ಹೊರಗೆ ಬರುತ್ತದೆ. ಒಂದು ಡಬ್ಬಿ ಸದ್ದನ್ನು ದಪ್ಪಗೆ, ಜೋರಾಗಿ ಮಾಡಿ ಅದಕ್ಕೆ ಕಾವು ತುಂಬುತ್ತದೆ, ಇನ್ನೊಂದು ಅದನ್ನು ಪ್ರತಿಧ್ವನಿಯ ಹಾಗೆ ಮತ್ತೆ ಮತ್ತೆ ಹೇಳಿಸುತ್ತದೆ. ನುಡಿಸುವವರ ಎರಡು ಕೈಗೂ ಪುರುಸೊತ್ತಿಲ್ಲದ ಕಾರಣ ಅದನ್ನು ಕಾಲಿನಿಂದ ಒತ್ತಬೇಕು. ಈ ಕೊನೆಯ ಮಾತೇ ನನ್ನನ್ನು ಮುಳುಗಿಸಿದ್ದು.

ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಕೆಲಸಕ್ಕಿದ್ದರು. ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿದ್ದ ಗಾರ್ಡ್ ಮಾಮ ನನಗೆ ಗಿಟಾರ್ ಕಲಿಸಿದರು, ಕೊನೆಗೆ ವರ್ಗವಾಗಿ ಹೋಗುವಾಗ ಅದನ್ನೇ ಕೊಟ್ಟುಹೋದರು. ಸ್ಟೇಷನ್ನಿನಿಂದ ಪೇಟೆಬೀದಿಗೆ ಹತ್ತು ನಿಮಿಷದ ನಡಿಗೆ. ಮದುವೆಯಾಗಿ ನಾನು ಹೋದ ದೂರ ಅಷ್ಟೇ.

ಗಂಡನದು ಕೊಬ್ಬರಿ ವ್ಯಾಪಾರದ ಮನೆತನ. ಮುಂದೆ ಮಂಡಿ, ಅದರ ಮೇಲೆ ಮನೆ, ಹಿಂದೆ ಗೋಡೌನು, ಗೋಡೌನಿನ ಮೇಲೆ ಕಾಯಿ ಒಣಗಿಸುವ ಅಟ್ಟ. ಹಿಂಬಾಗಿಲು ಇಲ್ಲ. ಕೊತ್ತಂಬರಿ ಸೊಪ್ಪು ತರಲು ಹೋಗಬೇಕಾದರೂ ಮಂಡಿಯೊಳಗಿಂದಲೇ, ಗಂಡ, ಗುಮಾಸ್ತರು, ಹಮಾಲರು, ಕಾಯಿ ತಂದ ರೈತರು ಇಷ್ಟೂ ಜನರ ಮುಂದೆಯೇ ಹೋಗಬೇಕು. ಯಾರೂ ಯಾವತ್ತೂ ತಡೆದವರಲ್ಲ. "ಎಲ್ಲಿಗಮ್ಮಾ?" ಎಂದು ಕೇಳುತ್ತಿದ್ದರು, ಅಷ್ಟೆ. ಅಕ್ಕರೆಯಿಂದಲೇ ಕೇಳುತ್ತಿದ್ದರು. ಅಷ್ಟು ಜನರಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಹೊರಗೆ ಹೋಗುವ ಆಸೆಯೇ ಸತ್ತುಹೋಗುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅಕ್ಕರೆಗೆ ಏನೆನ್ನುವುದು?

ಗಿಟಾರಿಗೂ ಹೀಗೆಯೇ ಆಯಿತು. ಯಾರೂ ಬೇಡವೆನ್ನಲಿಲ್ಲ. ಆದರೆ ಕೆಳಗೆ ಗಂಡ ಫೋನಿನಲ್ಲಿ ವ್ಯವಹಾರ ಮಾತಾಡುವಾಗ ಮೇಲಿಂದ ಸದ್ದು ಬರಬಾರದು. ಹಾಗಾಗಿ ಬೀರುವಿನ ತಲೆಯ ಮೇಲೆ ಬಹಳ ವರ್ಷ ಇತ್ತು. ಮಗಳು ಹೈಸ್ಕೂಲಿಗೆ ಸೇರಿದ ಮೇಲೆ ಮಠದ ಮಹಿಳಾ ಬಳಗದವರು ವಚನ ಹಾಡಲು ನನ್ನನ್ನು ಕರೆದರು. ಗಿಟಾರ್ ತರಲೇ ಎಂದೆ, ತನ್ನಿ ಎಂದರು. ಪ್ರತಿ ಸೋಮವಾರ ಸಂಜೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಾರ್ಮೋನಿಯಂ ಹಿಂದೆ ಹಿಂದೆ ಮೆಲ್ಲಗೆ ನುಡಿಸುತ್ತಿದ್ದೆ. ಒಂದು ಗಂಟೆಗೆ ಕಾಲು ಜೋಮು ಹಿಡಿಯುತ್ತಿತ್ತು. ಎದ್ದು ನಿಂತು ನುಡಿಸುವುದು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

ಮಠದ ಒಂದು ಕಾರ್ಯಕ್ರಮಕ್ಕೆ ಕೀಬೋರ್ಡ್ ನುಡಿಸಲು ಬೇಲೂರು ಕಡೆಯ ಹಗರೆಯಿಂದ ಒಬ್ಬ ಬಂದಿದ್ದ. ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತಾನೆ, ಸಂಜೆ ತನ್ನದೇ ಆರ್ಕೆಸ್ಟ್ರಾ ನಡೆಸುತ್ತಾನೆ. ಕಾರ್ಯಕ್ರಮ ಮುಗಿದ ಮೇಲೆ ನೇರವಾಗಿ ನನ್ನ ಹತ್ತಿರ ಬಂದ.

"ಅಕ್ಕ, ನಮ್ಮ ಗಿಟಾರಿನೋನು ಬಿಟ್ಟೋದ. ಹಳೇಬೀಡು ಹತ್ರ ಒಂದ್ ರೆಸಾರ್ಟಲ್ಲಿ ಶನಿವಾರ ಶನಿವಾರ ನಮ್ದೇ ಪ್ರೋಗ್ರಾಂ ಐತೆ. ನೀವ್ ಬತ್ತೀರಾ?"

ನಾನು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದೆ. ಅವನೇ ಮುಂದುವರಿಸಿದ.

"ಒಂದೇ ಒಂದು ಕಷ್ಟ. ಹಾಡೋರ ಹಿಂದೆ ರಿದಮ್ಮೂ ನೀವೇ, ಹಾಡು ನಿಂತಾಗ ಮುಂದೆ ಬರೋ ಲೀಡೂ ನೀವೇ. ಹಾಡು ಓಡ್ತಿರೋವಾಗ ಕೈ ಎತ್ತಂಗಿಲ್ಲ. ಕಾಲಲ್ಲೇ ಸೌಂಡ್ ಬದ್ಲಾಯಿಸ್ಬೇಕು. ಮಹಾನವಮಿ ಆದ್ಮೇಲೆ ಬೇಲೂರಲ್ಲಿ ಒಂದು ಎಂಗೇಜ್‌ಮೆಂಟ್ ಐತೆ. ಅಲ್ಲಿ ನುಡ್ಸಿ ನೋಡನ."

"ನುಡಿಸ್ತೀನಿ" ಎಂದೆ. ಮದುವೆಯಾದ ಮೇಲೆ ಯಾರನ್ನೂ ಕೇಳದೆ ನಾನು ಒಪ್ಪಿಕೊಂಡ ಮೊದಲ ಮಾತು ಅದು.

ಬೇಲೂರಿನ ಆ ನಿಶ್ಚಿತಾರ್ಥ ನಮ್ಮ ಸಂಬಂಧಿಕರದೇ ಎಂದು ಆಮೇಲೆ ತಿಳಿಯಿತು. ಗಂಡ, "ನಮ್ಮೋರ ಮನೆ ಫಂಕ್ಷನ್ನು, ನುಡ್ಸು ಕಣೇ. ಶನಿವಾರದ್ದು ಆಮೇಲೆ ನೋಡೋಣ" ಎಂದರು. ಅತ್ತೆ, "ಸ್ಟೇಜ್ ಮೇಲೆ ದೀಪ ಹಚ್ಚಿರ್ತಾರೆ ಕಣವ್ವ, ಚಪ್ಲಿ ಹಾಕ್ಬೇಡ. ಸೀರೆ ಉಟ್ಕೊ" ಎಂದರು. ಇಬ್ಬರೂ ಒಳ್ಳೆಯ ಮಾತೇ ಆಡಿದ್ದರು. ನನಗೆ ಬೇಕಾದದ್ದು ಮಾತ್ರ ಶನಿವಾರ. ವಾರಕ್ಕೊಂದು ದಿನ, ಮಂಡಿಯಲ್ಲಿ ಎಲ್ಲಿಗಮ್ಮಾ ಎಂದವರಿಗೆಲ್ಲ "ಕೆಲಸಕ್ಕೆ" ಎಂದು ಹೇಳಿ ಹೊರಬೀಳುವ ಶನಿವಾರ.

ಆಗ ಶುರುವಾಯಿತು ಪೆಡಲಿನ ಹುಡುಕಾಟ. ಮೊದಲು ತರಿಸಿದ್ದು ಉಕ್ಕಿನ ಗುಂಡಿಯದು. ಬರಿಗಾಲಿನಲ್ಲಿ ಹತ್ತು ಸಲ ಒತ್ತಿದರೆ ಅಂಗಾಲು ಉರಿಯುತ್ತಿತ್ತು, ಪಕ್ಕಕ್ಕೆ ಜಾರಿದರೆ ಕಾಲುಂಗುರ ಅದರ ನಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಕ್ಕೆ ಕಳಿಸಿದೆ. ಆಮೇಲೆ ಎಲ್ಲ ಸದ್ದೂ ಒಂದರಲ್ಲೇ ಇರುವ ದೊಡ್ಡ ಯಂತ್ರ ಕೊಳ್ಳೋಣವೆಂದು ಮನಸ್ಸಾಯಿತು. ಅದಕ್ಕೆ ಹನ್ನೆರಡು ಗುಂಡಿ. ಸೀರೆಯ ನೆರಿಗೆಯ ಅಡಿಯಲ್ಲಿ ಅಷ್ಟು ಗುಂಡಿ ಹುಡುಕುವುದೆಂದರೆ ಕಣ್ಣು ಕಟ್ಟಿಕೊಂಡು ಒಗ್ಗರಣೆ ಹಾಕಿದ ಹಾಗೆ. ಬೇಡವೆಂದೆ. ಪುಟ್ಟ ಪುಟ್ಟ ಪೆಡಲ್‌ಗಳೂ ಬಂದಿವೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು, ಜಾಗ ಉಳಿಯುತ್ತದೆಂದು ಹೊಗಳುತ್ತಾರೆ. ನನ್ನ ಪಾದ ಒಂದೇ ಏಟಿಗೆ ಎರಡನ್ನೂ ಒತ್ತಿತು.

ಕೊನೆಗೆ ಹಿಡಿಸಿದ್ದು ಹಳೆಯ ಮಾದರಿಯದು. ಗುಂಡಿಯ ಬದಲು ಇಡೀ ಮುಂಭಾಗವೇ ಹಲಗೆಯಂತೆ ತಗ್ಗುತ್ತದೆ, ಮೇಲೆ ರಬ್ಬರು. ಪಾದ ಎಲ್ಲಿ ಬಿದ್ದರೂ ಒತ್ತುತ್ತದೆ, ನೋಯುವುದಿಲ್ಲ. ಅಂಥವು ಎರಡೇ ಸಾಕೆಂದು ತೀರ್ಮಾನಿಸಿದೆ: ಕಾವಿಗೊಂದು, ಪ್ರತಿಧ್ವನಿಗೊಂದು. ಗೋಡೌನಿನಲ್ಲಿದ್ದ ಹಲಸಿನ ಹಲಗೆಯ ಮೇಲೆ ಎರಡನ್ನೂ ಒಂದು ಗೇಣು ನಾಲ್ಕು ಬೆರಳಿನ ಅಂತರದಲ್ಲಿ ಕೂರಿಸಿದೆ. ಪೆಡಲಿನ ಕೆಂಪು ದೀಪ ನೆರಿಗೆಯಡಿ ಕಾಣದು. ಅದಕ್ಕೆ ಬಲಗಡೆಯದರ ಮುಂದೆ ಒಂದು ಕರಟದ ಚೂರು ಅಂಟಿಸಿದೆ. ಹೆಬ್ಬೆರಳಿಗೆ ಕರಟ ತಾಗಿದರೆ ಅದು ಕಾವಿನದು ಎಂದು ಗುರುತು.

ಅಭ್ಯಾಸವೆಲ್ಲ ಅಟ್ಟದ ಮೇಲೆ, ಮಧ್ಯಾಹ್ನ, ಪುಟ್ಟ ಸ್ಪೀಕರ್ ಒಂದಿದ್ದರೂ ಅದಕ್ಕೆ ಸಿಕ್ಕಿಸದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಸುತ್ತಲೂ ಕಾಯಿಯ ರಾಶಿ. ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಅತ್ತೆ ತಿಂಗಳಿಗೊಮ್ಮೆ ಬಂದು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ಲೊಟಲೊಟ ಎಂದರೆ ಒಡೆಯಬಹುದು. ನನಗಂತೂ ಆ ಸೆಕೆಯಲ್ಲಿ, ಹೆಡ್‌ಫೋನಿನ ತಂತಿ ಎಟುಕುವಷ್ಟು ಜಾಗದಲ್ಲಿ ನಿಂತಾಗ, ನಾನೂ ಆ ರಾಶಿಗೆ ಸೇರಿದವಳೇ ಅನ್ನಿಸುತ್ತಿತ್ತು.

ನಾನು ಮಾಡಿದ ತಪ್ಪು ಇಲ್ಲೇ, ಈ ಅಟ್ಟದ ಮೇಲೆಯೇ. ಒಂದು ದಿನ ಗಂಡ ಯಾರೋ ಖರೀದಿದಾರರಿಗೆ ಕಾಯಿ ತೋರಿಸಲು ಹಮಾಲರೊಂದಿಗೆ ಹತ್ತಿ ಬಂದರು. ಅತ್ತೆಯೂ ಇದ್ದರು. ದಾರಿಗೆ ಅಡ್ಡವಾಗಿದ್ದ ನನ್ನ ಹಲಗೆಯನ್ನು ಗಂಡ ಚಪ್ಪಲಿಗಾಲಿನಿಂದ ಪಕ್ಕಕ್ಕೆ ತಳ್ಳಿದರು. ಕರಟದ ಚೂರು ಕಿತ್ತುಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಅದು ವಾದ್ಯ ಕಣ್ರೀ! ಗಿಟಾರ್ ಹೆಂಗೋ ಅದೂ ಹಂಗೇ. ಕಾಲಲ್ಲಿ ಒದೀತೀರಲ್ಲ!"

ಅವರು ಬೆಚ್ಚಿದರು. ತಕ್ಷಣ ಚಪ್ಪಲಿ ಬಿಟ್ಟು, ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹಮಾಲರೆಲ್ಲ ನೋಡಿದರು. ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ಇನ್ಮೇಲೆ ಅದಕ್ಕೆ ಯಾರೂ ಕಾಲು ತಾಗಿಸ್ಬೇಡ್ರಪ್ಪ" ಎಂದರು. ನಾನು ಗೆದ್ದೆನೆಂದುಕೊಂಡೆ. ಎಷ್ಟು ಹೆಮ್ಮೆಪಟ್ಟೆನೆಂದರೆ, ಅದೇ ಮಧ್ಯಾಹ್ನ ಎಲ್ಲರೂ ಇಳಿದುಹೋದ ಮೇಲೆ ಕರಟದ ಚೂರನ್ನು ಮತ್ತೆ ಅಂಟಿಸಿ, ಅದೇ ಪೆಡಲನ್ನು ಬರಿಗಾಲಲ್ಲಿ ಇಪ್ಪತ್ತು ಸಲ ತುಳಿದೆ, ಏನೂ ಅನ್ನಿಸಲೇ ಇಲ್ಲ.

ಮಹಾನವಮಿಯ ದಿನ ಆಯುಧಪೂಜೆ. ಸ್ನಾನ ಮಾಡಿ ಕೆಳಗೆ ಬರುವಷ್ಟರಲ್ಲಿ ಅತ್ತೆ ಮಂಡಿಯಲ್ಲಿ ಎಲ್ಲ ಜೋಡಿಸಿಬಿಟ್ಟಿದ್ದರು. ತಕ್ಕಡಿ, ಮಚ್ಚು, ಕಾಯಿ ಸುಲಿಯುವ ಕಬ್ಬಿಣ, ಗಾಡಿಯ ಕೀಲಿಗೊಂಚಲು. ಅವುಗಳ ನಡುವೆ ಹೊಸ ವಸ್ತ್ರದ ಮೇಲೆ ನನ್ನ ಗಿಟಾರ್, ಅದರ ಪಕ್ಕ ಹಲಸಿನ ಹಲಗೆ. ಎರಡು ಪೆಡಲಿನ ರಬ್ಬರಿನ ಮೇಲೂ ಅಡ್ಡಡ್ಡ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಸರಿಯಾಗಿ ನನ್ನ ಪಾದ ಬೀಳುವ ಜಾಗದಲ್ಲಿ.

"ನಿನ್ನ ವಾದ್ಯಾನೂ ಮರೀಲಿಲ್ಲ ನೋಡವ್ವ" ಎಂದರು ಅತ್ತೆ. ಅವರ ಮುಖ ಅರಳಿತ್ತು.

ಅವರಿಗೆ ಗೊತ್ತಿರಲಿಲ್ಲ. ನಾನು ಪೆಡಲ್ ಒತ್ತುವುದನ್ನು ಯಾರೂ ನೋಡಿರಲಿಲ್ಲ, ನೆರಿಗೆ ಎಲ್ಲವನ್ನೂ ಮುಚ್ಚಿತ್ತು. ಪಕ್ಕದ ತಿರುಪುಗಳನ್ನು ಕೈಯಲ್ಲಿ ತಿರುಗಿಸುವುದು ಮಾತ್ರ ಕಂಡಿತ್ತು. ಅಲ್ಲೇ ನಿಂತು ಹೇಳಬಹುದಿತ್ತು: ಅತ್ತೆ, ಇದನ್ನು ತುಳಿಯಬೇಕು ಎಂದು. ಬಾಯಿಗೆ ಬಂದ ಮಾತನ್ನು ನುಂಗಿದೆ. ಗಂಡ ಹಮಾಲರ ಎದುರು ಬಗ್ಗಿ ಕಣ್ಣಿಗೊತ್ತಿಕೊಂಡ ವಸ್ತುವನ್ನು ಹೆಂಡತಿ ದಿನವೂ ತುಳಿಯುತ್ತಾಳೆ ಎಂದು ಆ ಹಬ್ಬದ ದಿನ, ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಮಂಗಳಾರತಿ ತೆಗೆದುಕೊಂಡೆ. ನಿಶ್ಚಿತಾರ್ಥಕ್ಕೆ ಎಂಟು ದಿನ ಉಳಿದಿತ್ತು.

ಆ ಎಂಟು ದಿನ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಪೆಡಲನ್ನು ಸ್ಟೂಲಿನ ಮೇಲಿಟ್ಟು ಕೈಯಿಂದ ಒತ್ತಿ ನೋಡಿದೆ. ಒತ್ತುವಷ್ಟರಲ್ಲಿ ಲೀಡಿನ ಮೊದಲ ಸಾಲು ಕಳೆದುಹೋಗುತ್ತಿತ್ತು. ಕೊತ್ತಂಬರಿ ಸೊಪ್ಪಿನ ನೆಪ ಹೇಳಿ ಬಸ್ ಸ್ಟ್ಯಾಂಡ್ ಹತ್ತಿರದ ಮೈಕ್‌ಸೆಟ್ ರಿಪೇರಿಯವರಲ್ಲಿಗೆ ಹೋದೆ. ಪೆಡಲಿಗೆ ಕಾಲು ತಾಗದ ಹಾಗೆ ಏನಾದರೂ ಮಾಡಬಹುದೇ ಎಂದು ಕೇಳಿದೆ. ಅವರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು.

"ನೋಡಮ್ಮ, ಪೆಡಲ್ನ ಸ್ಟೂಲ್ ಮೇಲಿಟ್ಟು, ವೈರ್ ಎಳ್ದು, ನೆಲದ್ ಮೇಲೆ ಬೇರೆ ಫುಟ್‌ಸ್ವಿಚ್ ಇಡ್ಬೋದು. ಪ್ರತಿಧ್ವನೀದರಲ್ಲಿ ಅದಕ್ಕೆ ತೂತು ಕೊಟ್ಟವ್ರೆ. ಕಾವಿಂದರಲ್ಲಿ ಇಲ್ಲ. ಅದನ್ನ ಬಿಚ್ಚಿ ಮಾಡ್ಬೇಕು, ಸಾಮಾನು ತರಿಸ್ಬೇಕು. ಹದಿನೈದು ದಿನ."

ಕೊಳ್ಳುವಾಗ ಅಂಗಾಲು ನೋಡಿದೆ, ಕಾಲುಂಗುರ ನೋಡಿದೆ, ನೆರಿಗೆ ನೋಡಿದೆ. ಬೇರೆ ಫುಟ್‌ಸ್ವಿಚ್ ಸಿಕ್ಕಿಸುವ ತೂತಿದೆಯೇ ಎಂದು ಮಾತ್ರ ನೋಡಿರಲಿಲ್ಲ. ನನ್ನ ಪೆಡಲಿಗೆ ಪೂಜೆಯಾದೀತು ಎಂದು ನಾನೇನು ಕನಸು ಕಂಡಿದ್ದೆನೇ?

ಕೊನೆಗೆ ಉಳಿದದ್ದು ಒಂದೇ ದಾರಿ. ನೆರಿಗೆ ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ, ಸುಮ್ಮನೆ ತುಳಿದುಬಿಡುವುದು. ಹಿಂದಿನ ದಿನ ಅಟ್ಟಕ್ಕೆ ಹೋಗಿ ಒದ್ದೆ ಬಟ್ಟೆಯಿಂದ ವಿಭೂತಿಯನ್ನು ಒರೆಸಿದೆ. ರಬ್ಬರಿನ ಗೀರುಗಳೊಳಗೆ ಬೂದಿ ಕೂತಿತ್ತು, ಎಷ್ಟು ಉಜ್ಜಿದರೂ ಬೆಳ್ಳಗೆ ಹಾಗೇ ಉಳಿಯಿತು.

ಬೇಲೂರಿನ ಛತ್ರದಲ್ಲಿ ಹನ್ನೆರಡು ಗಂಟೆಗೆ ಶುರು. ಹಗರೆಯವನು ಕೀಬೋರ್ಡಿನ ಹಿಂದೆ, ನಾನು ಎಡಗಡೆ, ನಿಂತು. ಮೊದಲೆರಡು ಹಾಡಿಗೆ ಲೀಡ್ ಇರಲಿಲ್ಲ, ರಿದಮ್ ಮಾತ್ರ. ಸ್ಪೀಕರಿನಲ್ಲಿ ನನ್ನ ಗಿಟಾರ್ ಇಡೀ ಛತ್ರಕ್ಕೆ ಕೇಳುತ್ತಿತ್ತು. ಅಷ್ಟು ವರ್ಷ ಬೀರುವಿನ ಮೇಲೆ, ಆಮೇಲೆ ಹೆಡ್‌ಫೋನಿನೊಳಗೆ ಇದ್ದ ಸದ್ದು ಅದು. ಬಾಗಿಲಾಚೆ ಹೋಗುತ್ತಿದ್ದವರೂ ತಿರುಗಿ ನೋಡಿದರು. ಹಗರೆಯವನು ತಲೆಯಾಡಿಸಿ ನಕ್ಕ. ಶನಿವಾರ ಕೈಗೆ ಬಂತು ಅಂದುಕೊಂಡೆ.

ಮೂರನೆಯ ಹಾಡು. ಚರಣ ಮುಗಿದ ಕೂಡಲೇ ಲೀಡ್, ನಡುವೆ ಉಸಿರಾಡಲೂ ಜಾಗವಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದ ಕುರ್ಚಿಯ ಕಡೆ ನೋಡಿದೆ. ಖಾಲಿ. ಮೊದಲ ಪಂಕ್ತಿಗೆ ಊಟಕ್ಕೆ ಎದ್ದುಹೋಗಿದ್ದರು. ಗಂಡ ಆಚೆ ಫೋನಿನಲ್ಲಿದ್ದರು. ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನೆರಿಗೆಯಡಿ ಹೆಬ್ಬೆರಳಿಗೆ ಕರಟದ ಚೂರು ತಾಗಿತು. ಪಾದ ಎತ್ತಿದೆ.

ಪಾದ ಇಳಿಯಲಿಲ್ಲ.

ಇಳಿಸು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯೂ ಅಲ್ಲ, ಭಕ್ತಿಯೂ ಅಲ್ಲ. ಆ ರಬ್ಬರಿನ ಗೀರಿನ ಬೂದಿ ನನಗೆ ಕಾಣದಿದ್ದರೂ ಅಂಗಾಲಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಪುಸ್ತಕಕ್ಕೆ ಕಾಲು ತಾಗಿದರೆ, ಧಾನ್ಯಕ್ಕೆ ತಾಗಿದರೆ, ಪೊರಕೆಗೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದ ಕಾಲು ಅದು. ಒಂಟಿಕಾಲಲ್ಲಿ ನಿಂತೇ ಲೀಡ್ ನುಡಿಸಿದೆ. ಕಾವಿಲ್ಲದ ಸದ್ದು, ಡ್ರಮ್ಮಿನ ಅಡಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ ಎಂದು ಸತ್ತಿತು. ಹಗರೆಯವನು ಒಮ್ಮೆ ನನ್ನ ಕಡೆ ನೋಡಿ, ಉಳಿದ ಭಾಗವನ್ನು ಕೀಬೋರ್ಡಿನಲ್ಲಿ ತಾನೇ ನುಡಿಸಿದ. ಆಮೇಲಿನ ಹಾಡುಗಳಲ್ಲೂ ಅವನೇ ನುಡಿಸಿದ.

ಸಾಮಾನು ಕಟ್ಟುವಾಗ ಹತ್ತಿರ ಬಂದ. "ಕೈ ಚೆನ್ನಾಗೈತೆ ಅಕ್ಕ" ಎಂದ. ಶನಿವಾರದ ಮಾತು ಎತ್ತಲಿಲ್ಲ. ಒಳ್ಳೆಯವನು, ಅದಕ್ಕೇ ಎತ್ತಲಿಲ್ಲ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನು, ಅತ್ತೆ, ನಮ್ಮಿಬ್ಬರ ಮಡಿಲ ಮೇಲೆ ಅಡ್ಡಲಾಗಿ ಆ ಹಲಗೆ. ಹಳೇಬೀಡಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ದಾರಿಗೆ ಅಡ್ಡ ನಿಂತಿದ್ದವು, ಕಾರು ನಿಂತಿತು. ಅತ್ತೆ ಮೆಲ್ಲಗೆ ಕೇಳಿದರು.

"ನಾನು ಊಟಕ್ಕೆ ಕೂತಿದ್ದೆ ಕಣವ್ವ. ಅಲ್ಲಿಗೂ ಕೇಳಿಸ್ತಿತ್ತು. ಮೊದ್ಲು ಚೆನ್ನಾಗಿತ್ತು, ಮಧ್ಯದಲ್ಲಿ ಯಾಕೋ ಸೊರಗೋಯ್ತು. ಯಾಕೆ?"

ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಇದನ್ನು ತುಳಿಯಬೇಕು, ತುಳಿದರೆ ಮಾತ್ರ ಸದ್ದು ಬರುತ್ತದೆ, ನೀವು ವಿಭೂತಿ ಹಚ್ಚಿದಿರಿ, ಒರೆಸಿದೆ, ಆದರೂ ಆಗಲಿಲ್ಲ. ಮುಂದೆ ಗಂಡ ಕನ್ನಡಿಯಲ್ಲಿ ಒಮ್ಮೆ ನೋಡಿದರು. ಅತ್ತೆ ಜಾವಗಲ್ ಬರುವವರೆಗೂ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಬೈಯುತ್ತಾರೆಂದು ಕಾದೆ.

"ಅಲ್ಲವ್ವಾ" ಎಂದರು ಆಮೇಲೆ. "ನನ್ ಹೊಲಿಗೆ ಮಿಷನ್ನಿಗೆ ನಾನು ಪೂಜೆ ಮಾಡ್ತಿರ್ಲಿಲ್ವಾ? ತಲೆಗೆ ಮಾತ್ರ ವಿಭೂತಿ ಹಚ್ತಿದ್ದೆ. ಕೆಳಗೆ ಕಾಲಲ್ಲಿ ತುಳಿಯೋ ಹಲಗೆ ಐತಲ್ಲ, ಅದಕ್ಕೆ ಹಚ್ತಿರ್ಲಿಲ್ಲ. ಅದು ತುಳಿಯೋಕೇ ಇರೋದು. ಒಂದ್ ಮಾತು ಹೇಳಿದ್ರೆ ಇದಕ್ಕೂ ಹಂಗೇ ಮಾಡ್ತಿದ್ನಲ್ಲ. ಗಿಟಾರಿಗೆ ಹಚ್ಚಿ ಇದನ್ನ ಬಿಡ್ತಿದ್ದೆ."

ಯಾವ ಹೊಲಿಗೆ ಮಿಷನ್ ಎಂದು ಕೇಳಿದೆ. ಟಿವಿ ಇಟ್ಟಿರುವುದು ಅದರ ಮೇಲೆಯೇ ಎಂದರು. ಕಸೂತಿ ಬಟ್ಟೆ ಹೊದಿಸಿದ ಆ ಮೇಜನ್ನು ನಾನು ದಿನವೂ ಒರೆಸುತ್ತಿದ್ದೆ, ಅದು ಏನೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಮದುವೆಗೆ ಮುಂಚೆ ಹುಲಿಕೆರೆಯಲ್ಲಿ ಊರಿನವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರಂತೆ. ತವರಿನಿಂದ ತಂದರು. ಇಲ್ಲಿ ಕೆಳಗೆ ಮಾವ ವ್ಯವಹಾರ ಮಾತಾಡುವಾಗ ಮೇಲೆ ಮಿಷನ್ನಿನ ಸದ್ದು ಆಗಬಾರದಿತ್ತು. "ಯಾರೂ ಬ್ಯಾಡ ಅನ್ಲಿಲ್ಲ ಕಣವ್ವ" ಎಂದರು. "ನಾನೂ ಕೇಳ್ಲಿಲ್ಲ."

ಬಾಣಾವರ ದಾಟುವಷ್ಟರಲ್ಲಿ ನನ್ನ ಮೇಲೆಯೇ ನನಗೆ ಸಿಟ್ಟು ಬಂದಿತ್ತು. ಅಷ್ಟು ವರ್ಷ ಆ ಮನೆಯವರು ಹಾಕಿದರೆಂದುಕೊಂಡಿದ್ದ ಬೀಗವನ್ನು ಈ ಸಲ ಒಂದು ಮಾತೂ ಹೇಳದೆ ನಾನೇ ಹಾಕಿಕೊಂಡಿದ್ದೆ.

ಹಗರೆಯವನಿಗೆ ಬೇರೆ ಗಿಟಾರಿನವನು ಸಿಕ್ಕಿದ. ನಾನು ಈಗಲೂ ಸೋಮವಾರ ಮಠದಲ್ಲಿ ಜಮಖಾನದ ಮೇಲೆ ಕೂತು ನುಡಿಸುತ್ತೇನೆ. ಕಾಲು ಜೋಮು ಹಿಡಿಯುತ್ತದೆ.

ಆದರೆ ಮುಂದಿನ ವಾರವೇ ಒಂದು ಮಧ್ಯಾಹ್ನ ಅತ್ತೆ ಅಟ್ಟ ಹತ್ತಿ ಬಂದರು. ಕಾಯಿ ಅಲ್ಲಾಡಿಸಿ ನೋಡಲು ಬಂದರೆಂದುಕೊಂಡೆ. ಒಂದು ಲೋಟ ನೀರು ತಂದಿದ್ದರು. ಸೆರಗಿನ ತುದಿ ಅದ್ದಿ, ರಬ್ಬರಿನ ಒಂದೊಂದು ಗೀರನ್ನೂ ಉಗುರಿನಿಂದ ಕೆರೆದು ಒರೆಸಿದರು. ಆಮೇಲೆ ನನ್ನ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, ಸ್ಪೀಕರಿಗೆ ಸಿಕ್ಕಿಸು ಎಂದರು. ಕೆಳಗೆ ಮಂಡಿಯಲ್ಲಿ ಗಂಡನ ಫೋನಿನ ಮಾತು ಕೇಳುತ್ತಿತ್ತು.

"ಯಾವಾಗ ತುಳೀಬೇಕು?"

"ಚರಣ ಮುಗಿದ ತಕ್ಷಣ."

ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದು, ಬಲಗಾಲನ್ನು ಪೆಡಲಿನ ಮೇಲೆ ತೇಲಿಸಿಕೊಂಡು ನಿಂತರು. ನಾನು ಬೇಲೂರಿನಲ್ಲಿ ಕೆಟ್ಟ ಆ ಹಾಡನ್ನೇ ಎತ್ತಿಕೊಂಡೆ. ಚರಣ ಮುಗಿಯಿತು. ನನ್ನ ಕಾಲು ಬೀಳದ ಜಾಗದಲ್ಲಿ ಅವರ ಕಾಲು ಸರಿಯಾಗಿ ಬಿತ್ತು.